ಹೊರಡೋದಾ, ಇರೋದಾ?

ರಾತ್ರಿ ಹತ್ತು ಗಂಟೆಗೆ ಮಗಳ ಫೋನ್ ಬರುತ್ತೆ. ಅವಳಿರುವ ದೇಶದಲ್ಲಿ ಸರ್ಕಾರ ಅಲ್ಲಾಡ್ತಿದೆ. ಬೀದಿಯಲ್ಲಿ ಗಲಾಟೆ, ಬ್ಯಾಂಕಿನ ಮುಂದೆ ಉದ್ದದ ಕ್ಯೂ. ಅಳಿಯಂದಿರಿಗೆ ಒಳ್ಳೆ ಕೆಲಸ ಇದೆ, ಮೊಮ್ಮಗು ಈಗಷ್ಟೇ ಸ್ಕೂಲಿಗೆ ಹೊಂದಿಕೊಂಡಿದೆ. ಏನು ಮಾಡೋಣಮ್ಮಾ ಅಂತ ಅವಳು ಕೇಳ್ತಾಳೆ. ತಿಪಟೂರಿನಲ್ಲೋ, ತುರುವೇಕೆರೆಯಲ್ಲೋ, ಚಿಕ್ಕನಾಯಕನಹಳ್ಳಿ ಹತ್ತಿರದ ತೋಟದ ಮನೆಯಲ್ಲೋ ಕೂತಿರುವ ನೀವು ಏನು ಹೇಳ್ತೀರಿ? ಬಂದುಬಿಡಿ ಅಂದರೆ ಅವರು ಕಷ್ಟಪಟ್ಟು ಕಟ್ಟಿದ ಬದುಕನ್ನು ಕೆಡವಿದ ಹಾಗೆ. ಇರಿ ಅಂದರೆ, ನಾಳೆ ಏನಾದರೂ ಆದರೆ ಆ ಮಾತು ಸಾಯುವತನಕ ಚುಚ್ಚುತ್ತೆ.

ಮೊದಲೆಲ್ಲ ನಮ್ಮ ಕಡೆ ಊರು ಬಿಡೋದು ಅಂದರೆ ಬೆಂಗಳೂರಿನ ರೈಲು ಹತ್ತೋದು, ಅಷ್ಟೇ. ಈಗ ಕೊಬ್ಬರಿ ಮಾರಿದ ದುಡ್ಡಲ್ಲಿ ಓದಿದ ಮಕ್ಕಳು ಎಲ್ಲೆಲ್ಲೋ ಇದ್ದಾರೆ. 1990ರಲ್ಲಿ ಇರಾಕ್ ಸೇನೆ ಕುವೈತಿಗೆ ನುಗ್ಗಿದಾಗ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು. 2022ರಲ್ಲಿ ಉಕ್ರೇನ್, 2023ರಲ್ಲಿ ಸುಡಾನ್. ಸುಡಾನಿನಲ್ಲಿ ಸಿಕ್ಕಿಕೊಂಡವರಲ್ಲಿ ಗಿಡಮೂಲಿಕೆ ಔಷಧಿ ಮಾರೋಕೆ ಹೋಗಿದ್ದ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನರೂ ಇದ್ದರು.

ನಮ್ಮ ತೆಂಗಿನ ಸೀಮೆಯವರಿಗೆ ಒಂದು ಅಭ್ಯಾಸ ಇದೆ, ಕಾಯೋದು. ಸಸಿ ನೆಟ್ಟು ಫಲ ಕಾಣೋಕೆ ಆರೇಳು ವರ್ಷ. ಉಂಡೆ ಕೊಬ್ಬರಿ ಆಗಬೇಕಂದರೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರಬೇಕು. ಅವಸರ ಮಾಡಿದರೆ ಕೊಬ್ಬರಿ ಹಾಳು. ಅದಕ್ಕೇ ಇರಬೇಕು, ಸ್ವಲ್ಪ ಕಾದು ನೋಡೋಣ ಅನ್ನೋ ಮಾತು ನಮ್ಮ ಬಾಯಿಗೆ ಮೊದಲು ಬರುತ್ತೆ.

ಹೋಗಿ ಅಂತಲೋ ಇರಿ ಅಂತಲೋ ಪೇಪರಿನಲ್ಲಿ ಕೂತು ಹೇಳೋಕೆ ನನಗೆ ಧೈರ್ಯ ಇಲ್ಲ. ಬದಲಿಗೆ ಇದೇ ಪ್ರಶ್ನೆಯನ್ನು ಎದುರಿಸಿದ ಒಂದು ಸಂಸಾರದ ಕಥೆ ಹೇಳ್ತೀನಿ. ನಿಮ್ಮ ಮಕ್ಕಳ ಪಿಯುಸಿ ಕೆಮಿಸ್ಟ್ರಿ ಪುಸ್ತಕದಲ್ಲಿ ಬಾರ್ನ್-ಹೇಬರ್ ಸೈಕಲ್ ಅಂತ ಒಂದು ಪಾಠ ಇರುತ್ತೆ. ಆ ಬಾರ್ನ್ ಅಂದರೆ ಮ್ಯಾಕ್ಸ್ ಬಾರ್ನ್, ಜರ್ಮನಿಯ ದೊಡ್ಡ ವಿಜ್ಞಾನಿ. ದೇಶ ಬಿಟ್ಟ ಮೇಲೆ ಅವರು ಹೆಂಡತಿ ಹೆಡ್ವಿಗ್ ಜೊತೆ ನಮ್ಮ ಬೆಂಗಳೂರಿಗೂ ಬಂದಿದ್ದರು. ಇಲ್ಲೇ ನೆಲೆ ನಿಲ್ಲೋದರಲ್ಲಿದ್ದರು, ಆಗಲಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಬಾರ್ನ್ ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಬ್ರೆಸ್ಲಾವ್ ಪಟ್ಟಣದಲ್ಲಿ. ಆಗ ಅದು ಜರ್ಮನಿಯಲ್ಲಿತ್ತು, ಈಗ ಪೋಲೆಂಡಿಗೆ ಸೇರಿದೆ. ಯಹೂದಿ ಮನೆತನ. ಅಪ್ಪ ಗುಸ್ತಾವ್ ಅಂಗರಚನಾ ಶಾಸ್ತ್ರದ ಪ್ರೊಫೆಸರ್. ಹುಡುಗ ಇನ್ನೂ ತೀರಾ ಚಿಕ್ಕವನಿದ್ದಾಗ ತಾಯಿ ತೀರಿಕೊಂಡರು. 1913ರಲ್ಲಿ ಹೆಡ್ವಿಗ್ ಏರನ್‌ಬರ್ಗ್ ಅವರನ್ನು ಮದುವೆಯಾದರು. ಮನೆಯಲ್ಲಿ ಎಲ್ಲರಿಗೂ ಆಕೆ ಹೆಡಿ. ಕಾನೂನು ಪ್ರೊಫೆಸರ್ ಮಗಳು, ಕವನ ನಾಟಕ ಬರೆಯುವ ಹೆಣ್ಣುಮಗಳು, ಐನ್‌ಸ್ಟೀನ್‌ಗೂ ಸಂಕೋಚವಿಲ್ಲದೆ ಕಾಗದ ಬರೆದು ವಾದ ಮಾಡುವಂಥವರು. 1914ರಲ್ಲಿ ಐರೀನ್, 1915ರಲ್ಲಿ ಗ್ರಿಟ್ಲಿ, 1921ರಲ್ಲಿ ಗುಸ್ತಾವ್ ಹುಟ್ಟಿದರು. ಮಗನಿಗೆ ತಾತನ ಹೆಸರು, ನಮ್ಮಲ್ಲಿ ಇಡುವ ಹಾಗೇ.

1921ರಲ್ಲಿ ಗಟಿಂಗೆನ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ ಬಾರ್ನ್ ಪ್ರೊಫೆಸರ್ ಆದರು. ಅಲ್ಲಿಂದ ಹನ್ನೆರಡು ವರ್ಷ ಭರ್ತಿ ಫಸಲಿನ ಕಾಲ. ಹೈಸನ್‌ಬರ್ಗ್ ಅವರ ಸಹಾಯಕ. ಅಮೆರಿಕದ ಓಪನ್‌ಹೈಮರ್ ಅವರ ಕೈಕೆಳಗೆ ಡಾಕ್ಟರೇಟ್ ಮಾಡಿದ್ದು. ಅಣುವಿನೊಳಗೆ ಏನು ನಡೆಯುತ್ತೆ ಅಂತ ಖಚಿತವಾಗಿ ಹೇಳೋಕೆ ಬರಲ್ಲ, ಹೀಗಾಗುವ ಸಂಭವ ಎಷ್ಟು ಅಂತ ಮಾತ್ರ ಹೇಳಬಹುದು ಎಂಬ ಮಾತನ್ನು ಬಾರ್ನ್ 1926ರಲ್ಲಿ ಮಂಡಿಸಿದರು. ಹತ್ತಿರದ ಸ್ನೇಹಿತ ಐನ್‌ಸ್ಟೀನ್ ಇದನ್ನು ಕೊನೆವರೆಗೂ ಒಪ್ಪಲಿಲ್ಲ. ವಾದ ವಾದದ ಜಾಗದಲ್ಲಿ, ಸ್ನೇಹ ಸ್ನೇಹದ ಜಾಗದಲ್ಲಿ. ಬಾರ್ನ್ ಪಿಯಾನೋ, ಐನ್‌ಸ್ಟೀನ್ ವಯೊಲಿನ್, ಬರ್ಲಿನ್‌ನಲ್ಲಿದ್ದಾಗ ಇಬ್ಬರೂ ಕೂತು ನುಡಿಸುತ್ತಿದ್ದರು.

ಒಬ್ಬ ಐವತ್ತರ ಗೃಹಸ್ಥ. ಮನೆ, ಪುಸ್ತಕ, ಪಿಯಾನೋ, ಶಿಷ್ಯರು, ಹದಿನೆಂಟು ವರ್ಷದ ಮಗಳು, ಹನ್ನೊಂದು ವರ್ಷದ ಮಗ. ಸಂಬಳ ಸರಿಯಾಗಿ ಬರುತ್ತೆ, ಮುಂದೆ ಪಿಂಚಣಿ ಇದೆ. ಇಂಥವರು ದೇಶ ಬಿಡ್ತಾರಾ ಹೇಳಿ?

1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದ. ಇದೆಲ್ಲ ನಾಲ್ಕು ತಿಂಗಳ ಆಟ, ತಾನೇ ತಣ್ಣಗಾಗುತ್ತೆ ಅಂತ ಅಲ್ಲಿ ಎಷ್ಟೋ ಓದಿದ ಜನವೇ ಅಂದುಕೊಂಡರು. ಏಪ್ರಿಲ್ 1ಕ್ಕೆ ಯಹೂದಿಗಳ ಅಂಗಡಿಗೆ ಬಹಿಷ್ಕಾರ. ಏಪ್ರಿಲ್ 7ಕ್ಕೆ, ಯಹೂದಿ ಮೂಲದವರನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನು. ಬಾರ್ನ್ ಎಷ್ಟೋ ವರ್ಷದ ಹಿಂದೆಯೇ ಕ್ರೈಸ್ತರಾಗಿದ್ದರು. ಆದರೆ ಆ ಕಾನೂನು ನೋಡಿದ್ದು ಹುಟ್ಟನ್ನು, ಅಜ್ಜ ಅಜ್ಜಿಯನ್ನು. ಏಪ್ರಿಲ್ ಕೊನೆಯ ವಾರ ಕೆಲಸದಿಂದ ಅಮಾನತಾದ ಪ್ರೊಫೆಸರುಗಳ ಪಟ್ಟಿ ಪೇಪರಿನಲ್ಲಿ ಬಂತು. ಅದರಲ್ಲಿ ಬಾರ್ನ್ ಹೆಸರಿತ್ತು. ಹನ್ನೆರಡು ವರ್ಷ ಕಟ್ಟಿದ್ದು ಏನಾಯಿತು ಅಂತ ಅವರಿಗೆ ಗೊತ್ತಾಗಿದ್ದು ಹಾಗೆ, ಊರಿನವರೆಲ್ಲರ ಜೊತೆ, ಪೇಪರ್ ಓದಿ.

ಇಲ್ಲೊಂದು ಸಣ್ಣ ವಿಷಯ ಇದೆ, ಗಮನ ಕೊಡಿ. ಆ ಬೇಸಿಗೆ ರಜೆಗೆ ಅಂತ ಇಟಲಿಗೆ ಸೇರಿದ ಬೆಟ್ಟದ ಊರು ಸೆಲ್ವಾದಲ್ಲಿ ಅವರು ಮೊದಲೇ ಬಾಡಿಗೆಗೆ ಜಾಗ ಗೊತ್ತುಮಾಡಿದ್ದರು. ಜರ್ಮನಿಯ ಗಡಿ ಆಚೆ. ರಜೆ ಇನ್ನೂ ದೂರ ಇದ್ದರೂ ಮೇ ತಿಂಗಳಲ್ಲೇ ಹೊರಟುಬಿಟ್ಟರು. ಗಡಿಯಲ್ಲಿ ಇನ್ನೂ ಬಿಡುತ್ತಿದ್ದ ಕಾಲ. ಕೆಲಸ ಇಲ್ಲ, ಮುಂದೇನು ಅನ್ನೋದು ಗೊತ್ತಿಲ್ಲ, ಆದರೆ ಬೆಟ್ಟದ ಮೇಲೆ ಉಸಿರಾಡೋಕೆ ಜಾಗ ಇತ್ತು. ಕೆಲಸದ ಕರೆಗಳು ಬಂದದ್ದು ಹೊರಟ ಮೇಲೆ. ಎಲ್ಲ ಗೊತ್ತುಮಾಡಿಕೊಂಡು ಆಮೇಲೆ ಹೊರಡೋಣ ಅಂತ ಕೂತಿದ್ದರೆ ಏನಾಗ್ತಿತ್ತೋ.

ಉಕ್ರೇನಿನ ಲೆಕ್ಕ ಸ್ವಲ್ಪ ನೆನಪು ಮಾಡಿಕೊಳ್ಳಿ. 2022ರ ಫೆಬ್ರವರಿ 15ರಂದು ಕೀವ್‌ನ ನಮ್ಮ ರಾಯಭಾರ ಕಚೇರಿ, ಇರಲೇಬೇಕಾದ ಅಗತ್ಯ ಇಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ಸದ್ಯಕ್ಕೆ ಹೊರಡುವುದನ್ನು ಯೋಚಿಸಿ ಅಂತ ಸೂಚನೆ ಕೊಟ್ಟಿತ್ತು. ಕಾಲೇಜು ಇನ್ನೂ ನಡೀತಿತ್ತು, ಟಿಕೆಟ್ ದರ ಏರಿತ್ತು. ಎಷ್ಟೋ ಮಕ್ಕಳು ಉಳಿದರು. 24ಕ್ಕೆ ಯುದ್ಧ. ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವೈದ್ಯ ವಿದ್ಯಾರ್ಥಿ ದಾಳಿಗೆ ಸಿಕ್ಕಿ ತೀರಿಕೊಂಡ. ಉಳಿದವರದು ತಪ್ಪು ಅಂತ ನಾನು ಹೇಳ್ತಿಲ್ಲ. ಸಾಲ ಮಾಡಿ ಫೀಸು ಕಟ್ಟಿದ ಮನೆಯವರ ಸಂಕಟ ಏನು ಅಂತ ನಿಮಗೂ ಗೊತ್ತು. ಒಂಬತ್ತು ದಿನ ಇತ್ತು ಅನ್ನೋದನ್ನಷ್ಟೇ ಹೇಳ್ತಿದ್ದೀನಿ.

ಬಾರ್ನ್ ಅವರಿಗೆ ಮೊದಲು ಸಿಕ್ಕಿದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್, ಮೂರು ವರ್ಷದ ಮಟ್ಟಿಗೆ. ಜರ್ಮನಿಯಲ್ಲಿ ಒಂದು ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಇಲ್ಲಿ ಲೆಕ್ಚರರ್. ಐವತ್ತು ದಾಟಿದ ಮೇಲೆ ಇನ್ನೊಂದು ಭಾಷೆಯಲ್ಲಿ ಪಾಠ ಮಾಡಬೇಕು. ಅವರಿಗಾದರೂ ಲ್ಯಾಬು, ಸ್ನೇಹಿತರು, ಹೊಸ ಪುಸ್ತಕದ ಕೆಲಸ ಇತ್ತು. ಹೆಡಿ ತುಂಬಾ ಒದ್ದಾಡಿದರು. ಊರಿನ ನೆನಪು ಬಿಡಲಿಲ್ಲ, ಆರೋಗ್ಯವೂ ಸರಿಹೋಗಲಿಲ್ಲ. ಗಂಡನ ಕೆಲಸಕ್ಕೆ ಜಾಗ ಸಿಕ್ಕಿದ ಮಾತ್ರಕ್ಕೆ ಹೆಂಡತಿಗೆ ಮನೆ ಸಿಕ್ಕಿತು ಅಂತ ಅಲ್ಲ. ಮಗಳು ಫೋನಿನಲ್ಲಿ ಅಳಿಯಂದಿರ ಕಂಪನಿ ವಿಷಯವನ್ನೇ ಹೇಳ್ತಿದ್ದರೆ, ನೀನು ಹೇಗಿದ್ದೀಯ ಅಂತ ಎರಡು ಸಲ ಕೇಳಿ.

ಈಗ ನಮ್ಮ ಬೆಂಗಳೂರಿಗೆ ಬರೋಣ. ಸರ್ ಸಿ.ವಿ. ರಾಮನ್ 1933ರಲ್ಲಿ ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ನಿರ್ದೇಶಕರಾಗಿ ಬಂದಿದ್ದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ಜರ್ಮನಿ ಹೊರಗೆ ಹಾಕಿದ ದೊಡ್ಡ ತಲೆಗಳನ್ನು ಇಲ್ಲಿಗೆ ಕರೆಸಿಕೊಳ್ಳಬೇಕು ಅನ್ನೋದು ಅವರ ಆಸೆ. ಅವರ ಕರೆಗೆ ಒಪ್ಪಿ 1935ರ ಕೊನೆಯಲ್ಲಿ ಬಾರ್ನ್ ದಂಪತಿ ಬಂದರು, ಸುಮಾರು ಆರು ತಿಂಗಳಿಗೆ. ಅದೇ ಸೆಪ್ಟೆಂಬರಿನಲ್ಲಿ ಜರ್ಮನಿ ನ್ಯೂರೆಂಬರ್ಗ್ ಕಾನೂನು ತಂದು ಯಹೂದಿಗಳ ಪೌರತ್ವವನ್ನೇ ಕಿತ್ತುಕೊಂಡಿತ್ತು. ವಾಪಸ್ ಹೋಗುವ ದಾರಿ ಮುಚ್ಚಿಹೋಗಿತ್ತು.

ರಾಮನ್ ಅವರಿಗೆ ಬಾರ್ನ್ ಇಲ್ಲೇ ಕಾಯಂ ಉಳಿಯಬೇಕು ಅಂತ ಮನಸ್ಸು. ಬಾರ್ನ್ ಕೂಡ ತಯಾರಿದ್ದರು. ಪ್ರೊಫೆಸರುಗಳ ಸಭೆಯಲ್ಲಿ ರಾಮನ್ ಅವರನ್ನು ಬಾಯಿತುಂಬ ಹೊಗಳಿ ವಿಷಯ ಮಂಡಿಸಿದರು. ಆಗ ಹೊಸದಾಗಿ ಬಂದಿದ್ದ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು ನಿಂತು, ತನ್ನ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಎಂಬ ಅರ್ಥದಲ್ಲಿ ಮಾತಾಡಿದ. ಬಾರ್ನ್ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಬೇಜಾರೇನು ಗೊತ್ತಾ, ಆ ಮನೆಯವರನ್ನು ಬಾರ್ನ್ ದಂಪತಿ ಪ್ರೀತಿಯಿಂದ ನೋಡಿಕೊಂಡಿದ್ದರು. ಸಭೆ ಮುಗಿಸಿ ಮನೆಗೆ ಬಂದು ಹೆಡಿಯ ಮುಂದೆ ಅವರು ಅತ್ತರಂತೆ. ಹಿಟ್ಲರನ ಪಟ್ಟಿ ಬಂದಾಗ ಅತ್ತರೋ ಇಲ್ಲವೋ, ಬೆಂಗಳೂರಿನ ಆ ಸಂಜೆ ಅತ್ತರು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳ್ತಿದ್ದೀನಿ ಅಂದರೆ, ದೇಶ ಬಿಡುವವರ ಲೆಕ್ಕದಲ್ಲಿ ಟಿಕೆಟ್ಟು, ಬಾಡಿಗೆ, ಮಕ್ಕಳ ಸ್ಕೂಲು ಎಲ್ಲ ಇರುತ್ತೆ, ಇದು ಮಾತ್ರ ಇರಲ್ಲ. ಹೋದ ಕಡೆ ಯಾರೋ ಒಬ್ಬರು, ನೀನು ಇಲ್ಲಿಯವನಲ್ಲ, ಗತಿಯಿಲ್ಲದೆ ಬಂದವನು ಅಂತ ಒಂದು ದಿನ ಅನ್ನೇ ಅಂತಾರೆ. ಊರಿಗೆ ವಾಪಸ್ ಬಂದವರಿಗೂ ಇದು ತಪ್ಪಿದ್ದಲ್ಲ. ಉಕ್ರೇನಿನಿಂದ ಬಂದ ಮಕ್ಕಳನ್ನು, ಇಲ್ಲಿ ಸೀಟು ಸಿಗದೆ ಅಲ್ಲಿಗೆ ಹೋದವರು ಅಂತ ಆಡಿಕೊಂಡವರು ನಮ್ಮ ನಡುವೆಯೇ ಇದ್ದರಲ್ಲ. ಮಗಳು ಬರ್ತೀನಿ ಅಂದರೆ ರೂಮು ಖಾಲಿ ಮಾಡೋ ಜೊತೆಗೆ, ಮನೆಗೆ ಬರೋ ನೆಂಟರ ಬಾಯನ್ನೂ ಸ್ವಲ್ಪ ಕಾದುಕೊಳ್ಳಬೇಕಾಗುತ್ತೆ.

ಬೆಂಗಳೂರಿನ ಕೆಲಸ ಆಗಲಿಲ್ಲ. ಕೇಂಬ್ರಿಡ್ಜಿನ ಅವಧಿಯೂ ಮುಗಿಯುತ್ತಾ ಬಂದಿತ್ತು. ಆಗ ಮಾಸ್ಕೋದಿಂದ ವಿಜ್ಞಾನಿ ಕಪಿಟ್ಸಾ ಅವರ ಕರೆ ಬಂತು. ಒಳ್ಳೆ ಹುದ್ದೆ. ಬಾರ್ನ್ ಗಂಭೀರವಾಗಿಯೇ ಯೋಚಿಸಿದರು. ಆದರೆ ಅಷ್ಟರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಜಾಗ ಖಾಲಿಯಾಯಿತು, 1936ರ ಅಕ್ಟೋಬರಿನಲ್ಲಿ ಅಲ್ಲಿಗೆ ಹೋದರು. ಮಾಸ್ಕೋಗೆ ಹೋಗಿದ್ದರೆ ಏನಾಗ್ತಿತ್ತು ಅಂತ ಊಹಿಸೋಕೆ ಒಂದು ಉದಾಹರಣೆ ಇದೆ. ಗಟಿಂಗೆನ್‌ನಲ್ಲೇ ಓದಿದ ಹೌಟರ್‌ಮನ್ಸ್ ಎಂಬ ಭೌತವಿಜ್ಞಾನಿ ನಾಜಿಗಳಿಂದ ತಪ್ಪಿಸಿಕೊಂಡು 1935ರಲ್ಲಿ ಸೋವಿಯತ್ ದೇಶದ ಹಾರ್ಕಿವ್‌ಗೆ ಹೋದರು. ಹೌದು, ಅದೇ ಹಾರ್ಕಿವ್. 1937ರಲ್ಲಿ ಸ್ಟಾಲಿನ್ ಪೊಲೀಸರು ಅವರನ್ನು ಹಿಡಿದು ಒಳಗೆ ಹಾಕಿದರು, 1940ರಲ್ಲಿ ಮತ್ತೆ ಜರ್ಮನಿಯ ಪೊಲೀಸರ ಕೈಗೇ ಒಪ್ಪಿಸಿದರು. ಹೆಂಡತಿ ಶಾರ್ಲೊಟ್ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಒಬ್ಬರೇ ಗಡಿ ದಾಟಿ ಪಾರಾದರು. ಎಲ್ಲಿಂದ ಹೊರಡಬೇಕು ಅನ್ನೋದರಷ್ಟೇ ಎಲ್ಲಿಗೆ ಅನ್ನೋದೂ ಮುಖ್ಯ ನೋಡಿ. ಅದು ಅವರ ಜಾಣತನವೋ ಬಾರ್ನ್ ಅವರ ಅದೃಷ್ಟವೋ ಅಂತ ಕೇಳಿದರೆ, ಅದೃಷ್ಟ ಅಂತಲೇ ನನಗನ್ನಿಸುತ್ತೆ.

ಹೊರಡದೆ ಉಳಿದವರೂ ಇದ್ದರು. ಬ್ರೆಸ್ಲಾವ್‌ನಲ್ಲೇ ಹುಟ್ಟಿದ ಗಣಿತಜ್ಞ ಫೆಲಿಕ್ಸ್ ಹೌಸ್‌ಡಾರ್ಫ್ ಬಾನ್ ಪಟ್ಟಣದಲ್ಲಿದ್ದರು. 1933ರಲ್ಲಿ ಅವರಿಗೆ ಅರವತ್ತು ದಾಟಿತ್ತು. ಈ ವಯಸ್ಸಲ್ಲಿ ಎಲ್ಲಿಗೆ ಹೋಗೋದು ಅಂತ ಯಾರಿಗಾದರೂ ಅನ್ನಿಸುತ್ತೆ. 1939ರಲ್ಲಿ ಅಮೆರಿಕಕ್ಕೆ ಪ್ರಯತ್ನಪಟ್ಟರು, ಆಗಲಿಲ್ಲ. 1942ರ ಜನವರಿಯಲ್ಲಿ ಶಿಬಿರಕ್ಕೆ ಸಾಗಿಸುವ ಆದೇಶ ಬಂದಾಗ ಅವರು, ಹೆಂಡತಿ, ಹೆಂಡತಿಯ ತಂಗಿ ಮೂವರೂ ತಾವೇ ಜೀವ ಬಿಟ್ಟರು. ಪಿಯುಸಿ ಪುಸ್ತಕದ ಇನ್ನೊಬ್ಬರು, ಫ್ರಿಟ್ಜ್ ಹೇಬರ್, ಅವರೂ ಬ್ರೆಸ್ಲಾವ್‌ನವರೇ. ದೇಶಕ್ಕಾಗಿ ಏನೆಲ್ಲ ಮಾಡಿದ್ದರೂ 1933ರಲ್ಲಿ ಕೆಲಸ ಬಿಟ್ಟು ಹೊರಟರು, 1934ರ ಜನವರಿಯಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ತೀರಿಕೊಂಡರು.

ಎಡಿನ್‌ಬರೊದಲ್ಲಿ ಬಾರ್ನ್ ಸಂಸಾರ ಕೊನೆಗೂ ಕಾಲೂರಿತು. ತಮ್ಮ ಹಾಗೇ ಓಡಿಬಂದವರಿಗೆ ಕೆಲಸ ಹುಡುಕಿಕೊಡಲು ಬಾರ್ನ್ ಎಷ್ಟು ಕಾಗದ ಬರೆದರೋ ಲೆಕ್ಕವಿಲ್ಲ. ಹೆಡಿ ಯುದ್ಧವನ್ನು ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಗಡ ಸೇರಿದರು, ಅಲ್ಲಿ ಅವರಿಗೆ ಬಳಗ ಸಿಕ್ಕಿತು. ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕಿದ್ದರು. ಅದು ಕೈಗೆ ಬಂದದ್ದು ಯಾವತ್ತು ಗೊತ್ತಾ? 1939ರ ಆಗಸ್ಟ್ 31. ಮಾರನೇ ದಿನ ಜರ್ಮನಿ ಪೋಲೆಂಡಿನ ಮೇಲೆ ಬಿತ್ತು, ಎರಡನೇ ಮಹಾಯುದ್ಧ ಶುರು. 1940ರಲ್ಲಿ ಬ್ರಿಟನ್ ಸರ್ಕಾರ ಜರ್ಮನ್ ಪ್ರಜೆಗಳನ್ನು, ಹಿಟ್ಲರನಿಂದ ಓಡಿಬಂದ ಯಹೂದಿಗಳನ್ನೂ ಸೇರಿಸಿ, ಸಾವಿರಾರು ಜನರನ್ನು ಶಿಬಿರಕ್ಕೆ ಹಾಕಿತು. ಬಾರ್ನ್ ಅವರ ಬಳಿ ಕೆಲಸ ಮಾಡುತ್ತಿದ್ದ ಕ್ಲಾಸ್ ಫುಕ್ಸ್ ಅವರನ್ನೂ ಹಿಡಿದು ಕೆನಡಾಕ್ಕೆ ಸಾಗಿಸಿದರು. ಬಾರ್ನ್ ಮಾತ್ರ ಪಾಠ ಮಾಡಿಕೊಂಡಿದ್ದರು. ಒಂದು ಕಾಗದ!

ಹಾಗಾಗಿ ಈ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತವಾಗಿ ಹೇಳ್ತೀನಿ. ಹೊರಡೋ ತೀರ್ಮಾನ ಮಾಡದಿದ್ದರೂ ಪರವಾಗಿಲ್ಲ, ಕಾಗದಪತ್ರ ಇವತ್ತೇ ಸರಿ ಮಾಡಿಕೊಳ್ಳಲಿ. ಪಾಸ್‌ಪೋರ್ಟಿನ ಅವಧಿ, ವೀಸಾ, ಅಲ್ಲೇ ಹುಟ್ಟಿದ ಮಗು ಇದ್ದರೆ ಅದರ ಜನನ ಪತ್ರ ಮತ್ತು ಪಾಸ್‌ಪೋರ್ಟು, ಮಾರ್ಕ್ಸ್ ಕಾರ್ಡು, ಮದುವೆ ಸರ್ಟಿಫಿಕೇಟು. ಎಲ್ಲದರ ಒಂದೊಂದು ನಕಲು ನಿಮ್ಮ ಬೀರುವಿನಲ್ಲೂ ಇರಲಿ. ಅಲ್ಲಿಯ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ, ಫೋನ್ ನಂಬರು ನೋಂದಾಯಿಸಿಕೊಂಡಿದ್ದಾರಾ ಕೇಳಿ. ಸಂಬಳವೆಲ್ಲ ಆ ಒಂದೇ ದೇಶದ ಬ್ಯಾಂಕಿನಲ್ಲಿ ಇಡಬೇಡಿ ಅನ್ನಿ. ಬಾರ್ನ್ ಅವರ ಸೆಲ್ವಾದ ಹಾಗೆ, ಒಂದು ತಿಂಗಳು ರಜೆ ಹಾಕಿ ಊರಿಗೆ ಬಂದು ಹೋಗಿ ಅನ್ನಬಹುದು. ರಜೆ ಅಂದರೆ ಸೋತು ಬಂದ ಹಾಗೆ ಅನ್ನಿಸಲ್ಲ. ಬಂದ ಮೇಲೆ ಉಳಿದದ್ದು ನೋಡಿಕೊಂಡರಾಯಿತು.

ಬೆಂಗಳೂರಿನ ಕಥೆಗೆ ಇನ್ನೊಂದು ಬಾಲ ಇದೆ. ಬಾರ್ನ್ ಅವರ ತಂಗಿಯ ಮಗ ಓಟೋ ಕೋನಿಗ್ಸ್‌ಬರ್ಗರ್ ವಾಸ್ತುಶಿಲ್ಪಿ. 1933ರಲ್ಲಿ ಅವರೂ ಜರ್ಮನಿ ಬಿಟ್ಟು ಈಜಿಪ್ಟಿನಲ್ಲಿದ್ದರು. 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬಂದರು. ಸೋದರಮಾವನಿಗೆ ಜಾಗ ಕೊಡದ ಅದೇ ಟಾಟಾ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ ಅಳಿಯ ಕಟ್ಟಡ ಕಟ್ಟಿದರು! ಮುಂದೆ 1948ರಲ್ಲಿ ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆ ಮಾಡಿದವರೂ ಅವರೇ.

ನಿವೃತ್ತಿಯಾದ ಮೇಲೆ ಬಾರ್ನ್ ದಂಪತಿಗೆ ಅದೇ ಪ್ರಶ್ನೆ ತಿರುಗಿ ಬಂತು. ಬ್ರಿಟನ್ನಿನಲ್ಲಿ ಸರ್ವಿಸ್ ಕಡಿಮೆ, ಹಾಗಾಗಿ ಪಿಂಚಣಿಯೂ ಕಡಿಮೆ. ಜರ್ಮನಿ ಹಳೆಯ ಪಿಂಚಣಿ ಹಕ್ಕನ್ನು ವಾಪಸ್ ಕೊಟ್ಟಿತ್ತು. ಬಾಡ್ ಪಿರ್ಮಾಂಟ್ ಎಂಬ ಸಣ್ಣ ಊರಿನಲ್ಲಿ ಕ್ವೇಕರ್ ಬಳಗವೂ ಇತ್ತು. 1950ರ ದಶಕದ ಮೊದಲಲ್ಲಿ ಇಬ್ಬರೂ ಅಲ್ಲಿಗೆ ಹೋಗಿ ನೆಲೆಸಿದರು. ಐನ್‌ಸ್ಟೀನ್‌ಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ನಮ್ಮವರನ್ನು ಸಾಮೂಹಿಕವಾಗಿ ಕೊಂದ ನೆಲಕ್ಕೆ ಮತ್ತೆ ಹೋಗೋದಾ ಅನ್ನೋದು ಅವರ ಸಿಟ್ಟು. ಅವರು ಸ್ವತಃ 1933ರ ನಂತರ ಜರ್ಮನಿಯಲ್ಲಿ ಕಾಲಿಡಲೇ ಇಲ್ಲ. ಯಾರದು ಸರಿ? ಐನ್‌ಸ್ಟೀನ್ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೆ ಪರಭಾಷೆಯಲ್ಲಿ ಇಪ್ಪತ್ತು ವರ್ಷ ಕಳೆದ ಹೆಡಿ, ಮುದಿ ವಯಸ್ಸಲ್ಲಿ ತಮ್ಮ ಭಾಷೆಯಲ್ಲಿ ತರಕಾರಿ ಕೊಳ್ಳಬಹುದಲ್ಲ ಅಂದುಕೊಂಡಿದ್ದರೆ ಅದು ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

1926ರ ಕೆಲಸಕ್ಕೆ ನೊಬೆಲ್ ಬಂದದ್ದು 1954ರಲ್ಲಿ, ಅವರು ಜರ್ಮನಿಗೆ ಮರಳಿದ ಮೇಲೆ. 1957ರಲ್ಲಿ, ಜರ್ಮನಿಗೆ ಅಣುಬಾಂಬು ಬೇಡ ಅಂತ ಸಹಿ ಹಾಕಿದ ಹದಿನೆಂಟು ವಿಜ್ಞಾನಿಗಳಲ್ಲಿ ಬಾರ್ನ್ ಒಬ್ಬರು. 1970ರ ಜನವರಿ 5ರಂದು, ಪೇಪರಿನಲ್ಲಿ ತಮ್ಮ ಹೆಸರು ಓದಿ ಬಿಟ್ಟು ಹೊರಟಿದ್ದ ಅದೇ ಗಟಿಂಗೆನ್‌ನಲ್ಲಿ ತೀರಿಕೊಂಡರು. ಹೆಡಿ 1972ರಲ್ಲಿ ಹೋದರು.

ಮಕ್ಕಳಲ್ಲಿ ಗುಸ್ತಾವ್ ಇಂಗ್ಲೆಂಡಿನಲ್ಲೇ ಉಳಿದು ದೊಡ್ಡ ಔಷಧ ವಿಜ್ಞಾನಿಯಾದರು. ಐರೀನ್ ಗ್ರೇಟ್ ಬ್ರಿಟನ್ನಿನವರನ್ನೇ ಮದುವೆಯಾಗಿ 1954ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೋದರು. ಜೊತೆಯಲ್ಲಿ ಹೋದ ಪುಟ್ಟ ಮಗಳೇ ಮುಂದೆ ಪ್ರಪಂಚಕ್ಕೆಲ್ಲ ಗೊತ್ತಾದ ಗಾಯಕಿ ಒಲಿವಿಯಾ ನ್ಯೂಟನ್-ಜಾನ್. ಅಪ್ಪ ಅಮ್ಮ ಜರ್ಮನಿಗೆ ವಾಪಸಾದ ಹೊತ್ತಿಗೆ ಮಗ ಒಂದು ದೇಶದಲ್ಲಿ, ಮಗಳು ಇನ್ನೊಂದು ಖಂಡದಲ್ಲಿ. ಆಗ ಕಾಗದ ಬರಬೇಕಿತ್ತು, ಈಗ ವಾಟ್ಸ್‌ಆಪ್ ಇದೆ. ಇವತ್ತು ರಾತ್ರಿ ಮಗಳ ಫೋನ್ ಬಂದರೆ, ಪಾಸ್‌ಪೋರ್ಟು ಯಾವ ತಿಂಗಳವರೆಗೆ ಇದೆ ಅಂತ ಕೇಳೋದು ಮರೀಬೇಡಿ.